ಸೋಮನಾಥಪುರಕ್ಕೆ ಒಂದು ದಿನ



ಭಾನುವಾರ ಹತ್ತಿರ ಬಂತೆಂದರೆ ಮನೆಯಲ್ಲಿ ಯಾರಾದರೊಬ್ಬರು "ಎಲ್ಲಿಗಾದರೂ ಹೋಗಿಬರೋಣ" ಎನ್ನುತ್ತಾರೆ. ಎಲ್ಲಿಗೆ ಎಂಬುದು ಬೇಗ ತೀರ್ಮಾನವಾಗುತ್ತದೆ. ಹೇಗೆ ಎಂಬುದನ್ನು ಮಾತ್ರ ಯಾರೂ ಕೂತು ಯೋಚಿಸುವುದಿಲ್ಲ. ಬೆಂಗಳೂರಿನಿಂದ ಸೋಮನಾಥಪುರದ ಕೇಶವ ದೇವಾಲಯಕ್ಕೆ ಸಂಸಾರ ಸಮೇತ ಹೋಗಿ, ಅದೇ ದಿನ ರಾತ್ರಿಯೊಳಗೆ ಮನೆ ಸೇರುವುದು ಹೇಗೆ ಎಂಬ ಬಗ್ಗೆ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹೇಳುವ ಅಧಿಕಾರ ನನಗಿರುವುದು ಒಂದೇ ಕಾರಣಕ್ಕೆ: ಮೊದಲ ಸಲ ಈ ಪ್ರವಾಸವನ್ನು ನಾನೇ ಪೂರ್ತಿ ಕೆಡಿಸಿದ್ದೆ.

ನನ್ನ ತಾಯಿ ಎಪ್ಪತ್ತು ದಾಟಿದವರು. ಅವರ ತವರುಮನೆಯ ನಡುಮನೆಯಲ್ಲಿ ಈ ದೇವಾಲಯದ ಚಿತ್ರವಿದ್ದ ಕ್ಯಾಲೆಂಡರೊಂದು, ಅದರ ವರ್ಷ ಕಳೆದು ಎಷ್ಟೋ ಕಾಲವಾದರೂ, ಗೋಡೆಯ ಮೇಲೇ ತೂಗುತ್ತಿತ್ತಂತೆ. ಅದನ್ನೊಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಬಹುದಿನದ ಆಸೆ. 2022ರ ಮೇ ತಿಂಗಳಲ್ಲಿ, ಮಕ್ಕಳಿಗೂ ರಜೆಯಿದ್ದುದರಿಂದ, ಹೊರಟೆವು. ಕಾರ್ಯಕ್ರಮದ ವೇಳಾಪಟ್ಟಿ ಬರೆದು ಬರೆದು ಕೈ ಪಳಗಿದ ನಾನು ಇದಕ್ಕೂ ಒಂದು ಪಟ್ಟಿ ಬರೆದೆ. ಹತ್ತಕ್ಕೆ ರಂಗನತಿಟ್ಟು, ಹನ್ನೆರಡಕ್ಕೆ ಶ್ರೀರಂಗಪಟ್ಟಣ, ಎರಡೂವರೆಗೆ ಸೋಮನಾಥಪುರ, ಸಾಧ್ಯವಾದರೆ ತಲಕಾಡು. ಕಾಗದದ ಮೇಲೆ ಎಲ್ಲರೂ ನನ್ನ ವೇಗದಲ್ಲೇ ನಡೆಯುತ್ತಿದ್ದರು. ದೋಣಿಗೆ ಸರದಿ ನಿಂತದ್ದು, ಮಗನಿಗೆ ಕಾರಿನಲ್ಲಿ ವಾಂತಿಯಾದದ್ದು, ಊಟಕ್ಕೆ ಜಾಗ ಹುಡುಕಿದ್ದು, ಅಮ್ಮನ ಮಂಡಿನೋವು, ಇವು ಯಾವುದಕ್ಕೂ ಆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಸೋಮನಾಥಪುರ ತಲುಪಿದಾಗ ಐದೂಮುಕ್ಕಾಲು. ಬಾಗಿಲು ಹಾಕಿಯಾಗಿತ್ತು. ಕಾವಲಿನವರದೇನೂ ತಪ್ಪಿಲ್ಲ, ಹೊತ್ತಿಗೆ ಸರಿಯಾಗಿ ಮುಚ್ಚಿದ್ದರು. ಅಮ್ಮ ಹೊರಗಿನ ಬೇಲಿಯ ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದರು. ಹಿಂದಿರುಗುವಾಗ, "ಶಿಖರದ ತುದಿ ಕಂಡಿತಲ್ಲ, ಸಾಕು ಬಿಡು" ಎಂದರು. ಬೈದಿದ್ದರೆ ಮೇಲಾಗಿತ್ತು.

ಆ ರಾತ್ರಿ ನನಗೆ ಹೊಳೆದದ್ದು ಇಷ್ಟು. ಹೊರಾಂಗಣ ಚಿತ್ರೀಕರಣಕ್ಕೆ ಹೋಗುವಾಗ ನಾವು ಎಂದೂ ಮನೆ ಬಿಡುವ ಹೊತ್ತಿನಿಂದ ಲೆಕ್ಕ ಶುರು ಮಾಡುವುದಿಲ್ಲ. ಆ ಜಾಗದಲ್ಲಿ ಬೆಳಕು ಎಷ್ಟು ಹೊತ್ತಿಗೆ ಹೇಗಿರುತ್ತದೆ ಎಂದು ಮೊದಲು ಕೇಳಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತೇವೆ. ಕಸುಬಿನಲ್ಲಿ ದಿನವೂ ಮಾಡುವುದನ್ನು ಹೆತ್ತ ತಾಯಿಯನ್ನು ಕರೆದೊಯ್ಯುವಾಗ ಮರೆತಿದ್ದೆ.

ಬೆಳಕಿನ ಮಾತು ಬಂದದ್ದರಿಂದ ಸ್ವಲ್ಪ ವಿಜ್ಞಾನ. ಉಬ್ಬುಶಿಲ್ಪ ಕಣ್ಣಿಗೆ ಕಾಣುವುದು ನೆರಳಿನಿಂದ. ಬೆಳಕು ಎದುರಿನಿಂದ ನೇರವಾಗಿ ಬಿದ್ದರೆ ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ ಸವರಿಕೊಂಡು ಹೋದರೆ ಕೊರಳಿನ ಹಾರದ ಒಂದೊಂದು ಮಣಿಯೂ ಎದ್ದು ನಿಲ್ಲುತ್ತದೆ. ಸೋಮನಾಥಪುರ ಇರುವುದು ಸುಮಾರು ಹನ್ನೆರಡೂಕಾಲು ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ಸೂರ್ಯ ಅಲ್ಲಿ ದಿನವಿಡೀ ಆಕಾಶದ ದಕ್ಷಿಣ ಭಾಗದಲ್ಲೇ ಚಲಿಸುತ್ತಾನೆ. ನಡುಹಗಲಿನಲ್ಲೂ ಐವತ್ತೈದು ಡಿಗ್ರಿಯಷ್ಟು ಎತ್ತರವನ್ನು ದಾಟುವುದಿಲ್ಲ. ದೇವಾಲಯ ಪೂರ್ವಾಭಿಮುಖ. ಆದ್ದರಿಂದ ಚಳಿಗಾಲದ ಬೆಳಗ್ಗೆ ದಕ್ಷಿಣದ ಗೋಡೆಗೆ ಈ ಸವರುವ ಬಿಸಿಲು ಸಿಗುತ್ತದೆ. ನಾವು ಮೊದಲು ಹೋಗಿದ್ದ ಮೇ ತಿಂಗಳಲ್ಲಿ ನಡುಹಗಲಿನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ. ಶಿಲ್ಪಕ್ಕೂ ಅಂದವಿಲ್ಲ, ಅಂಗಾಲಿಗೂ ಸುಖವಿಲ್ಲ.

ಕಳೆದ ಡಿಸೆಂಬರಿನಲ್ಲಿ ಮತ್ತೆ ಹೊರಟೆವು. ಈ ಸಲ ಪಟ್ಟಿಯಲ್ಲಿ ಒಂದೇ ಜಾಗ. ಬೆಳಗ್ಗೆ ಒಂಬತ್ತೂಕಾಲಕ್ಕೆ ಅಮ್ಮ ದಕ್ಷಿಣದ ಗೋಡೆಯ ಮುಂದೆ ನಿಂತಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಐದೂವರೆಗೆ ಮನೆ ಬಿಡಬೇಕು. ದೂರ 130ರಿಂದ 140 ಕಿಲೋಮೀಟರು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಲ್ಲಿ ಹೋಗಿ, ಮದ್ದೂರಿನ ಬಳಿ ಇಳಿದು, ಅಲ್ಲೇ ತಿಂಡಿ ಮುಗಿಸಿ, ಮಳವಳ್ಳಿ, ಕಿರುಗಾವಲು, ಬನ್ನೂರಿನ ಮೇಲೆ ಹೋದೆವು. ಹೆದ್ದಾರಿಯಲ್ಲಿ ಉಳಿಸಿದ ಸಮಯವನ್ನು ವಡೆ ತಿನ್ನುವುದಕ್ಕೆ ಖರ್ಚು ಮಾಡಿದೆವೆನ್ನಿ. ಬಸ್ಸಿನಲ್ಲಿ ಹೋಗುವವರು ಮೈಸೂರಿಗೆ ಹೋಗಿ, ಅಲ್ಲಿಂದ ಬನ್ನೂರಿನ ಮೂಲಕ ತಲುಪಬಹುದು. ಮೈಸೂರಿನಿಂದ ದೂರ ಸುಮಾರು 35 ಕಿಲೋಮೀಟರು. ಆದರೆ ಬೆಳಗಿನ ಬೆಳಕು ಬೇಕೆನ್ನುವವರು ಹಿಂದಿನ ರಾತ್ರಿಯೇ ಮೈಸೂರು ಸೇರಿರಬೇಕು.

ಮಕ್ಕಳ ಮಾತಿಗೆ ಬರುತ್ತೇನೆ. "ಹಳೇ ದೇವಸ್ಥಾನಕ್ಕೆ ಹೋಗೋಣ" ಎಂದರೆ ಮುಖ ಸೊಟ್ಟಗೆ ಮಾಡುವ ವಯಸ್ಸು ಇಬ್ಬರದೂ. ಹಿಂದಿನ ರಾತ್ರಿ ಅವರ ಕೈಗೆ ಒಂದು ಚೌಕನೆಯ ರಟ್ಟು, ಒಂದು ಗುಂಡುಸೂಜಿ, ಒಂದು ಕೋನಮಾಪಕ ಕೊಟ್ಟೆ. ರಟ್ಟಿನ ನಡುವೆ ಸೂಜಿ ಚುಚ್ಚಿ ಹಾಳೆಯ ಮೇಲಿಟ್ಟು ಅಂಚಿನುದ್ದಕ್ಕೂ ಗೆರೆ ಎಳೆಯುವುದು. ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸಿ ಮತ್ತೆ ಎಳೆಯುವುದು. ಹೀಗೆ ಒಟ್ಟು ನಾಲ್ಕು ಸಲ. ನಾಲ್ಕು ಚೌಕ, ಹದಿನಾರು ಮೂಲೆ. ಹದಿನಾರು ಮೊನೆಯ ನಕ್ಷತ್ರ ತಾನಾಗಿಯೇ ಮೂಡುತ್ತದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಇದು ನಮ್ಮ ರಂಗೋಲಿ ಕಣೋ" ಎಂದು ಮೊಮ್ಮಗನಿಗೆ ಹೇಳಿದರು. ಕೇಶವ ದೇವಾಲಯದ ಮೂರೂ ಗರ್ಭಗುಡಿಗಳ ತಳವಿನ್ಯಾಸ ಇದೇ ನಕ್ಷತ್ರ. ಮಾರನೆಯ ದಿನ ಮಕ್ಕಳು ಮೂಲೆಗಳನ್ನು ಎಣಿಸುತ್ತ ಹೊರಗೋಡೆಯನ್ನು ಸುತ್ತಿದರು. ಹದಿನಾರೂ ಸಿಗಲಿಲ್ಲ. ಗುಡಿಯು ನಡುವಿನ ಮಂಟಪಕ್ಕೆ ಕೂಡಿಕೊಳ್ಳುವ ಕಡೆ ಕೆಲವು ಮೂಲೆಗಳು ಒಳಗೆ ಸೇರಿಹೋಗಿವೆ. ಅದನ್ನು ನಾನು ಹೇಳಲಿಲ್ಲ, ಮಗಳೇ ಕಂಡುಹಿಡಿದಳು.

ಮಹಾದ್ವಾರದ ಬಳಿ ಎತ್ತರದ ಶಾಸನಕಲ್ಲೊಂದಿದೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಇಲ್ಲಿ ಅಗ್ರಹಾರ ಮಾಡಿ ಈ ದೇವಾಲಯ ಕಟ್ಟಿಸಿದ. ಪ್ರತಿಷ್ಠೆ 1258ರಲ್ಲಿ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಇದೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಷ್ಟು ಹೇಳಿ ಸುಮ್ಮನಾದೆ. ಇತಿಹಾಸವನ್ನು ಬಿಸಿಲಿನಲ್ಲಿ ನಿಲ್ಲಿಸಿ ಹೇಳಬಾರದು.

ಪಾದರಕ್ಷೆ ಬಿಟ್ಟು ನಡೆಯಬೇಕಾದ್ದರಿಂದ ಹಿರಿಯರಿಗೆ ದಪ್ಪ ಕಾಲುಚೀಲ ತಪ್ಪದೆ ಒಯ್ಯಿರಿ. ಕಲ್ಲು ಬೆಳಗ್ಗೆ ಕೊರೆಯುತ್ತದೆ, ಮಧ್ಯಾಹ್ನ ಸುಡುತ್ತದೆ. ಜಗತಿಯ ಎತ್ತರ ಸುಮಾರು ಮೂರು ಅಡಿ. ಮಂಡಿನೋವಿನವರಿಗೆ ಅದನ್ನು ಹತ್ತಿಳಿಯುವುದೇ ದೊಡ್ಡ ಕೆಲಸ, ಒಂದೇ ಸಲ ಹತ್ತಿ ಒಂದೇ ಸಲ ಇಳಿಯುವಂತೆ ನೋಡಿಕೊಳ್ಳಬೇಕು. ನಡುವೆ ದಣಿವಾದರೆ ಜಗತಿಯ ಅಂಚೇ ಆಸನ. ಇಳಿದ ಮೇಲೆ, ಅಂಗಳದ ಸುತ್ತ ಅರವತ್ತನಾಲ್ಕು ಕಿರುಗುಡಿಗಳಿರುವ ಕೈಸಾಲೆಯ ನೆರಳು ಇದ್ದೇ ಇದೆ.

ಪ್ರದಕ್ಷಿಣವಾಗಿ ಸುತ್ತಿದರೆ ದಕ್ಷಿಣದಲ್ಲಿ ರಾಮಾಯಣ, ಹಿಂಬದಿಯಲ್ಲಿ ಭಾಗವತ, ಉತ್ತರದಲ್ಲಿ ಮಹಾಭಾರತ. ಕೆಳಗಿನಿಂದ ಮೇಲಕ್ಕೆ ಆನೆ, ಕುದುರೆ, ಬಳ್ಳಿಯ ಸಾಲುಗಳು, ಅವುಗಳ ಮೇಲೆ ಕಥೆ. ಈ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದಂತೆ ಗಡುಸಾಗುತ್ತದೆ ಎನ್ನುತ್ತಾರೆ. ಇಷ್ಟು ಸೂಕ್ಷ್ಮ ಕೆತ್ತನೆಯ ಗುಟ್ಟು ಅದು. ಆನೆಯ ಸಾಲಿನ ಮುಂದೆ ಅಮ್ಮ ಹತ್ತು ನಿಮಿಷ ನಿಂತರು. ನಾನು ಗಡಿಯಾರ ನೋಡಲಿಲ್ಲ. ಅಷ್ಟರಲ್ಲಿ ಮಗ, "ಅಜ್ಜೀ, ಇಲ್ಲಿ ಅಕ್ಷರ ಇದೆ" ಎಂದು ಕೂಗಿದ. ದೊಡ್ಡ ವಿಗ್ರಹವೊಂದರ ಪೀಠದ ಮೇಲೆ ಹಳಗಾಲದ ಕನ್ನಡ ಲಿಪಿ. ಅಮ್ಮ ಬಗ್ಗಿ, ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸುತ್ತ ಕೂಡಿಸಿ ಓದಿದರು: ಮಲ್ಲಿತಮ್ಮ. ಇಲ್ಲಿನ ಹಲವು ವಿಗ್ರಹಗಳನ್ನು ಕಡೆದು ತನ್ನ ಹೆಸರು ಬರೆದಿಟ್ಟ ಶಿಲ್ಪಿ ಅವನು. "ನಮ್ಮೂರಲ್ಲೂ ಒಬ್ಬ ಮಲ್ಲಿತಮ್ಮ ಇದ್ದ ಕಣೇ, ಗಾಡಿ ಹೊಡೀತಿದ್ದ" ಎಂದು ಮೊಮ್ಮಗಳಿಗೆ ಹೇಳಿದರು. ಏಳೂವರೆ ಶತಮಾನದ ದೂರ ಒಂದು ಕ್ಷಣ ಇಲ್ಲವಾಯಿತು.

ಒಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹಲವು ನಿಮಿಷ ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಅನೇಕರು ಅದಕ್ಕೆ ಮೊದಲೇ ಹೊರಬಂದುಬಿಡುತ್ತಾರೆ. ತಿರುಗಣೆಯ ಕಂಬಗಳ ನಡುವೆ ಸುಮ್ಮನೆ ಕೂತಿರಿ, ನಿಧಾನವಾಗಿ ಒಂದೊಂದೇ ಭುವನೇಶ್ವರಿ ಮೇಲಿನಿಂದ ಇಳಿದುಬರುತ್ತದೆ. ಒಂದರಂತೆ ಇನ್ನೊಂದಿಲ್ಲ, ಬಾಳೆಹೂವಿನಂತೆ ಇಳಿಬಿದ್ದಿರುವವೂ ಇವೆ. ಕತ್ತು ಎತ್ತಲಾರದ ಅಮ್ಮನಿಗಾಗಿ ಮುಖ ನೋಡುವ ಕನ್ನಡಿಯೊಂದನ್ನು ಒಯ್ದಿದ್ದೆ. ಅದನ್ನು ಮಡಿಲಲ್ಲಿಟ್ಟುಕೊಂಡು ಅವರು ಮೇಲ್ಛಾವಣಿಯನ್ನು ಕೆಳಗೆ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಯಾವುದೋ ಊರಿನ ಅಜ್ಜಿಗೂ ಕನ್ನಡಿ ಕೊಟ್ಟರು.

ಇಲ್ಲಿ ಪೂಜೆಯಿಲ್ಲ. ಮೂಲ ಕೇಶವ ವಿಗ್ರಹ ಕಳೆದುಹೋಗಿ ಅದರ ಜಾಗದಲ್ಲಿ ಈಗಿರುವುದು ಬೇರೆ ಮೂರ್ತಿ. ಜನಾರ್ದನ, ವೇಣುಗೋಪಾಲ ಇದ್ದಾರೆ. ದೀಪವಿಲ್ಲದ ಗುಡಿಯೆಂದು ಅಮ್ಮ ನೊಂದುಕೊಳ್ಳಬಹುದೆಂದು ನನಗೆ ಅಂಜಿಕೆಯಿತ್ತು. ಅವರು ವೇಣುಗೋಪಾಲನ ಮುಂದೆ ಕೈಮುಗಿದು, "ಕಿವಿಗೆ ಬೀಳದ ಕೊಳಲು" ಎಂದಷ್ಟೇ ಹೇಳಿ ಹೊರಬಂದರು.

ಹನ್ನೆರಡರ ಹೊತ್ತಿಗೆ ಅವರ ಮಂಡಿ ಸೋತಿತ್ತು. ಉತ್ತರದ ಗೋಡೆ ನೆರಳಿನಲ್ಲಿತ್ತು, ನೋಡಿರಲಿಲ್ಲ. ಹಳೆಯ ನಾನಾಗಿದ್ದರೆ "ಇಷ್ಟು ದೂರ ಬಂದು ಅದೊಂದನ್ನು ಬಿಡುವುದೆ" ಎಂದು ಎಳೆದೊಯ್ಯುತ್ತಿದ್ದೆ. ಈ ಸಲ ಆವರಣದಿಂದ ಹೊರಗೆ ಬಂದು, ಮರದ ನೆರಳಿನಲ್ಲಿ ಚಿತ್ರಾನ್ನ, ಮೊಸರನ್ನದ ಡಬ್ಬಿ ಬಿಚ್ಚಿದೆವು. ತಲಕಾಡು ಇಲ್ಲೇ ಹತ್ತಿರ ಎಂದು ಯಾರೋ ಹೇಳಿದರು. ನಾವು ಹೋಗಲಿಲ್ಲ. ಸಂಜೆ ಐದಕ್ಕೆ ಮನೆಯಲ್ಲಿದ್ದೆವು.

"ಮಹಾಭಾರತ ಉಳಿದುಹೋಯಿತಲ್ಲ" ಎಂದರು ಅಮ್ಮ, ಕಾಫಿ ಕುಡಿಯುತ್ತ. ಉತ್ತರದ ಗೋಡೆಗೆ ಬಿಸಿಲು ಬರುವುದು ಸೂರ್ಯ ಉತ್ತರಕ್ಕೆ ಸರಿದಾಗ, ಮೇ, ಜೂನ್ ತಿಂಗಳ ಬೆಳಗಿನಲ್ಲಿ ಎಂದು ವಿವರಿಸಿದೆ. ಮೇನಲ್ಲಿ ಬಿಸಿಲು ಜೋರು, ಆದ್ದರಿಂದ ಮುಂಗಾರು ಹಿಡಿಯುವ ಮುಂಚೆ ಜೂನ್ ಮೊದಲಲ್ಲೇ ಹೋಗಿಬಿಡಬೇಕು. ಅವರು ಎದ್ದುಹೋಗಿ ಅಡುಗೆಮನೆಯ ಕ್ಯಾಲೆಂಡರಿನ ಹಾಳೆ ಮಗುಚಿ ನೋಡಿದರು. ಅದು ಡಿಸೆಂಬರಿಗೇ ಮುಗಿದಿತ್ತು. "ಹೊಸದು ಬಂದ ಕೂಡಲೇ ಕೊಡು, ಗುರುತು ಹಾಕಬೇಕು" ಎಂದರು.