ಯಾರೂ ಕಟ್ಟದ ಪರಂಪರೆ: ವಿಶ್ವದ ಪಟ್ಟಿಯಲ್ಲಿ ರಾಷ್ಟ್ರೀಯ ಉದ್ಯಾನಗಳು



ಪರಂಪರೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಹಂಪೆಯ ಕಲ್ಲಿನ ರಥ, ಪಟ್ಟದಕಲ್ಲಿನ ಗುಡಿಗಳು, ಆಗ್ರಾದ ತಾಜ್ ಮಹಲ್. ಇವೆಲ್ಲವೂ ಮನುಷ್ಯನ ಕೈಯಿಂದ ಆದವು. ಯಾರೂ ಕಟ್ಟದ ಕಾಡು, ಹೊಳೆ, ಹುಲ್ಲುಗಾವಲುಗಳೂ ನಮಗೆ ಹಿರಿಯರಿಂದ ಬಂದ ಆಸ್ತಿಯೇ ಅಲ್ಲವೇ? ಹಾಗೆಂದು ಜಗತ್ತಿನ ರಾಷ್ಟ್ರಗಳು ಒಟ್ಟಾಗಿ ಒಪ್ಪಿಕೊಂಡದ್ದು 1972ರಲ್ಲಿ. ಆ ವರ್ಷದ ನವೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವ ಪರಂಪರೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು 1977ರಲ್ಲಿ ಅದಕ್ಕೆ ಸಹಿ ಹಾಕಿತು.

ಇಲ್ಲೊಂದು ಸ್ವಾರಸ್ಯವಿದೆ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾದದ್ದು 1872ರಲ್ಲಿ, ಈ ಒಡಂಬಡಿಕೆಗೆ ಸರಿಯಾಗಿ ನೂರು ವರ್ಷ ಮೊದಲು. 1978ರಲ್ಲಿ ಮೊದಲ ಪಟ್ಟಿ ಹೊರಬಂದಾಗ ಅದರಲ್ಲಿದ್ದ 12 ತಾಣಗಳಲ್ಲಿ ಯೆಲ್ಲೋಸ್ಟೋನ್ ಕೂಡ ಒಂದಾಗಿತ್ತು.

ರಾಷ್ಟ್ರೀಯ ಉದ್ಯಾನವೆಂದರೆ ಒಂದು ದೇಶ ತನ್ನ ಕಾನೂನಿನಿಂದ ಕಾಪಾಡುವ ಕಾಡು. ವಿಶ್ವ ಪರಂಪರೆಯ ತಾಣವಾಗಬೇಕಾದರೆ ಅಷ್ಟೇ ಸಾಲದು. ಅಸಾಧಾರಣವಾದ ನಿಸರ್ಗ ಸೌಂದರ್ಯ, ಭೂಮಿಯ ಇತಿಹಾಸವನ್ನು ಹೇಳುವ ಗುರುತುಗಳು, ಜೀವಿಗಳ ವಿಕಾಸ ಇಂದಿಗೂ ನಡೆಯುತ್ತಿರುವ ನೆಲೆ, ಅಳಿವಿನಂಚಿನ ಜೀವಿಗಳ ಆಶ್ರಯ – ಈ ನಾಲ್ಕರಲ್ಲಿ ಒಂದಾದರೂ ಅಲ್ಲಿರಬೇಕು. ಜೊತೆಗೆ, ಆ ಕಾಡು ಅಖಂಡವಾಗಿ ಉಳಿದಿರಬೇಕು. ಕಾಯುವ ವ್ಯವಸ್ಥೆಯೂ ಗಟ್ಟಿಯಾಗಿರಬೇಕು. ಇದನ್ನೆಲ್ಲ ಐ.ಯು.ಸಿ.ಎನ್. ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ತಜ್ಞರು ಬಂದು ಪರಿಶೀಲಿಸುತ್ತಾರೆ.

ನಮ್ಮ ದೇಶದಿಂದ ಮೊದಲು ಪಟ್ಟಿ ಸೇರಿದ ನಿಸರ್ಗ ತಾಣಗಳು ಮೂರು: ಅಸ್ಸಾಮಿನ ಕಾಜಿರಂಗ ಮತ್ತು ಮಾನಸ, ರಾಜಸ್ಥಾನದ ಕೇವಲದೇವ. ಮೂರೂ ಸೇರಿದ್ದು 1985ರಲ್ಲಿ. ಮುಂದೆ ಸುಂದರಬನ, ನಂದಾದೇವಿ, ಪಶ್ಚಿಮ ಘಟ್ಟ, ಗ್ರೇಟ್ ಹಿಮಾಲಯನ್ ಉದ್ಯಾನ, ಕಾಂಚನಜುಂಗಾ ಸೇರಿದವು. ಇವುಗಳಲ್ಲಿ ಮಾನಸದ ಕಥೆಯನ್ನು ನೀವು ತಿಳಿಯಲೇಬೇಕು.

ಭೂತಾನದ ಬೆಟ್ಟಗಳಿಂದ ಇಳಿದು ಬರುವ ಮಾನಸ ನದಿ ಬಯಲಿಗೆ ಬಂದೊಡನೆ ಹಲವು ಕವಲುಗಳಾಗಿ ಹರಡಿಕೊಳ್ಳುತ್ತದೆ. ಪ್ರವಾಹ ಬಂದಾಗಲೆಲ್ಲ ದಾರಿ ಬದಲಿಸುತ್ತದೆ, ಹೊಸ ಮರಳು ಮೆಕ್ಕಲನ್ನು ತಂದು ಹಾಸುತ್ತದೆ. ಅದರ ಮೇಲೆ ಹುಲ್ಲು ಆಳೆತ್ತರಕ್ಕೆ ಬೆಳೆಯುತ್ತದೆ. ಘೇಂಡಾಮೃಗಕ್ಕೆ, ಕಾಡೆಮ್ಮೆಗೆ, ಹುಲಿಗೆ ಈ ಹುಲ್ಲೇ ಮನೆ. ಗೇಣಿಗಿಂತ ತುಸು ಎತ್ತರವಿರುವ ಕುಬ್ಜ ಹಂದಿಯಂತೂ ಇದೇ ಹುಲ್ಲನ್ನು ಕಡಿದು ತಂದು ಗೂಡು ಕಟ್ಟಿಕೊಳ್ಳುತ್ತದೆ. ಪ್ರಪಂಚದಲ್ಲೇ ಅತಿ ಚಿಕ್ಕ ಹಂದಿ ಅದು. ಹುಲ್ಲು ಹೋದರೆ ಅದೂ ಹೋಯಿತು.

ಗೌರವ ಬಂದ ಕೆಲವೇ ವರ್ಷಗಳಲ್ಲಿ ಮಾನಸಕ್ಕೆ ಕಷ್ಟ ಬಂತು. 1980ರ ದಶಕದ ಕೊನೆಯಲ್ಲಿ ಆ ಪ್ರದೇಶದಲ್ಲಿ ಬೋಡೋ ಚಳವಳಿ ತೀವ್ರವಾಗಿ ಅಶಾಂತಿ ಹಬ್ಬಿತು. ಅರಣ್ಯ ಠಾಣೆಗಳು ಸುಟ್ಟುಹೋದವು. ಕಾವಲುಗಾರರು ಪ್ರಾಣ ಕಳೆದುಕೊಂಡರು. ಕಾವಲಿಲ್ಲದ ಕಾಡಿಗೆ ಕಳ್ಳಬೇಟೆಗಾರರು ನುಗ್ಗಿದರು. ಕೊಂಬಿನ ಆಸೆಗೆ ಘೇಂಡಾಮೃಗಗಳನ್ನು ಕೊಂದರು. ಕೊನೆಗೆ ಅಲ್ಲಿ ಆ ಪ್ರಾಣಿಯ ಸಂತತಿಯೇ ಇಲ್ಲವಾಯಿತು. 1992ರಲ್ಲಿ ಮಾನಸವನ್ನು 'ಅಪಾಯದಲ್ಲಿರುವ ಪರಂಪರೆ'ಯ ಪಟ್ಟಿಗೆ ಸೇರಿಸಲಾಯಿತು.

ಇದು ಶಿಕ್ಷೆಯಲ್ಲ ಎಂಬುದನ್ನು ಗಮನಿಸಿ. ಮನೆಯಲ್ಲಿ ಕಾಯಿಲೆ ಬಿದ್ದವರಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳುವಂತೆ, ಇದು ಜಗತ್ತಿನ ಗಮನವನ್ನು ಅತ್ತ ಸೆಳೆಯುವ ಕ್ರಮ. ಹತ್ತಿರದಲ್ಲಿ ಚಿನ್ನದ ಗಣಿ ತೆರೆಯುವ ಯೋಜನೆ ಬಂದಾಗ ಯೆಲ್ಲೋಸ್ಟೋನ್ ಸಹ 1995ರಿಂದ 2003ರವರೆಗೆ ಈ ಪಟ್ಟಿಯಲ್ಲಿತ್ತು. ಆದರೆ ಎಚ್ಚರಿಕೆ ಫಲಿಸದಿದ್ದರೆ ಹೆಸರೇ ಅಳಿಸಿಹೋಗಬಹುದು. ಒಮಾನ್ ದೇಶದ ಓರಿಕ್ಸ್ ಅಭಯಾರಣ್ಯದ ವಿಸ್ತೀರ್ಣವನ್ನು ಅಲ್ಲಿನ ಸರ್ಕಾರ ಶೇಕಡಾ 90ರಷ್ಟು ಕಡಿಮೆ ಮಾಡಿತು. 2007ರಲ್ಲಿ ಅದನ್ನು ಪಟ್ಟಿಯಿಂದಲೇ ಕೈಬಿಡಲಾಯಿತು. ಹಾಗೆ ಹೆಸರು ಕಳೆದುಕೊಂಡ ಮೊದಲ ತಾಣ ಅದು.

ಮಾನಸ ಆ ದಾರಿ ಹಿಡಿಯಲಿಲ್ಲ. ಏಕೆ? 2003ರ ಬೋಡೋ ಒಪ್ಪಂದದಿಂದ ಶಾಂತಿ ಮರಳಿತು. ಅದಕ್ಕಿಂತ ಹೆಚ್ಚಾಗಿ, ಕಾಡಿನ ಅಂಚಿನ ಹಳ್ಳಿಗಳ ಯುವಕರು ತಾವಾಗಿ ಕಾವಲಿಗೆ ನಿಂತರು. ಹಿಂದೆ ಬೇಟೆಯಾಡುತ್ತಿದ್ದವರೂ ಅವರಲ್ಲಿದ್ದರು. ಕಾಡಿನ ಮೂಲೆ ಮೂಲೆ ಬಲ್ಲವರು ಕಾಯಲು ನಿಂತರೆ ಕಳ್ಳನಿಗೆ ಜಾಗವೆಲ್ಲಿ? 2006ರಲ್ಲಿ, ಕಾಜಿರಂಗದ ರಕ್ಷಣಾ ಕೇಂದ್ರದಲ್ಲಿ ಸಾಕಿ ಬೆಳೆಸಿದ ಘೇಂಡಾಮೃಗವನ್ನು ಮಾನಸಕ್ಕೆ ತರಲಾಯಿತು. 2008ರಲ್ಲಿ ಪೊಬಿತೊರಾ ಅಭಯಾರಣ್ಯದಿಂದ ಮತ್ತೆರಡು ಬಂದವು. 2011ರಲ್ಲಿ ಮಾನಸದ ಹೆಸರು ಅಪಾಯದ ಪಟ್ಟಿಯಿಂದ ಹೊರಬಂತು. 19 ವರ್ಷ ಹಿಡಿಯಿತು, ಮಿತ್ರರೇ! ಕುಬ್ಜ ಹಂದಿಗಳನ್ನು ಸಹ ಬೇರೆಡೆ ಸಾಕಿ, ಸಂತತಿ ಬೆಳೆಸಿ, 2020ರಲ್ಲಿ ಮಾನಸದ ಹುಲ್ಲಿಗೆ ಮರಳಿ ಬಿಟ್ಟರು.

ಈ ಮಾತು ನಮ್ಮ ಮನೆಯಂಗಳಕ್ಕೂ ಸಲ್ಲುತ್ತದೆ. 2012ರಲ್ಲಿ ಪಶ್ಚಿಮ ಘಟ್ಟದ 39 ಭಾಗಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಲ್ಲಿ 10 ಕರ್ನಾಟಕದವು; ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಅವುಗಳಲ್ಲಿ ಒಂದು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಆ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಅದು ನಿಂತಿತು. ಪಟ್ಟಿಗೆ ಸೇರಿಸುವ ವಿಷಯದಲ್ಲಿ ನಮ್ಮ ರಾಜ್ಯದಲ್ಲಿ ವಿರೋಧವೂ ಇತ್ತು. ಕಾಡಂಚಿನ ಜನರ ಬದುಕಿಗೆ ತೊಂದರೆಯಾದೀತೆಂಬ ಆತಂಕ ಅದರ ಹಿಂದಿತ್ತು. ಆ ಆತಂಕವನ್ನು ತಳ್ಳಿಹಾಕಿ ಕಾಡು ಉಳಿಸಲು ಸಾಧ್ಯವಿಲ್ಲ. ಮಾನಸದಲ್ಲಿ ಕಾಡು ಉಳಿದದ್ದು ಸುತ್ತಲಿನ ಜನ ಅದನ್ನು ತಮ್ಮದೆಂದು ಭಾವಿಸಿದಾಗ.

ಪಟ್ಟಿಯಲ್ಲಿ ಹೆಸರು ಬರೆಯುವವರು ದೂರದವರು. ಕಾಡನ್ನು ಕಾಯಬೇಕಾದವರು ಹತ್ತಿರದವರು. ಮುಂದಿನ ಬಾರಿ ನಿಮ್ಮ ಶಾಲೆಯ ಪ್ರವಾಸ ಆಗುಂಬೆಗೋ ಕುದುರೆಮುಖಕ್ಕೋ ಹೋದಾಗ, ಅಲ್ಲಿನ ಅರಣ್ಯ ರಕ್ಷಕರನ್ನು ಎರಡು ಮಾತು ಕೇಳಿ: ಇಲ್ಲಿ ಮಾತ್ರ ಸಿಗುವ ಜೀವಿ ಯಾವುದು? ಅದಕ್ಕಿರುವ ಅಪಾಯವೇನು? ಉತ್ತರವನ್ನು ಬರೆದುಕೊಂಡು ಬಂದು ತರಗತಿಯಲ್ಲಿ ಚರ್ಚಿಸಿ. ಪರಂಪರೆಯನ್ನು ಕಾಯುವ ಕೆಲಸ ಅಲ್ಲಿಂದಲೇ ಆರಂಭವಾಗಲಿ.