ಒಂದು ಮಾತ್ರೆ, ಎರಡು ಲೆಕ್ಕ: ಡಿ ಮತ್ತು ಕೆ ವಿಟಮಿನ್‌ಗಳ ಬಗ್ಗೆ ನಾಲ್ಕು ಮಾತು

(ಸಂಘದ ಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬಿಸಿಬೇಳೆಬಾತಿನ ಊಟಕ್ಕೂ ಮಕ್ಕಳ ನೃತ್ಯಕ್ಕೂ ನಡುವೆ ಆರೋಗ್ಯದ ಬಗ್ಗೆ ಮಾತಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದಾಗ ನಾವಿಬ್ಬರೂ ಸ್ವಲ್ಪ ಹಿಂಜರಿದೆವು. ನಮ್ಮಲ್ಲಿ ಒಬ್ಬರು ವೈದ್ಯರು, ಇನ್ನೊಬ್ಬರು ಫಾರ್ಮಸಿಸ್ಟ್. ಹಬ್ಬದೂಟ ಮಾಡಿ ಕುಳಿತವರಿಗೆ ಔಷಧದ ಮಾತು ರುಚಿಸುವುದಿಲ್ಲ ಎಂಬುದು ನಮಗೂ ಗೊತ್ತು. ಆದರೂ ಒಪ್ಪಿಕೊಂಡೆವು. ಕಾರಣ, ನಾವು ಹೇಳಬೇಕಾಗಿರುವುದು ನಮ್ಮ ಮನೆಯಲ್ಲೇ ಆದ ಒಂದು ತಪ್ಪಿನ ಕಥೆ.

ಈ ಇಂಗ್ಲೆಂಡಿನಲ್ಲಿ ನಮ್ಮವರ ಮನೆಗಳಿಗೆ ಹೋದರೆ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ ಒಂದು ವಿಟಮಿನ್ ಸೀಸೆ ಕಾಣುತ್ತದೆ. ಮೊದಲೆಲ್ಲ ಅದರಲ್ಲಿ ಡಿ ವಿಟಮಿನ್ ಮಾತ್ರ ಇರುತ್ತಿತ್ತು. ಈಗ ಅನೇಕ ಸೀಸೆಗಳ ಮೇಲೆ "ಡಿ3 ಮತ್ತು ಕೆ2" ಎಂದು ಬರೆದಿರುತ್ತದೆ. ಒಂದರ ಬೆಲೆಗೆ ಎರಡು ಸಿಕ್ಕಿತೆಂದು ನಮಗೆ ಸಂತೋಷ. ಆದರೆ ಎರಡು ಸೇರಿದಾಗ ಲೆಕ್ಕವೂ ಎರಡಾಗುತ್ತದೆ ಎಂಬುದನ್ನು ಮರೆಯುತ್ತೇವೆ.

ನಮ್ಮ ಕಥೆ ಹೀಗಿದೆ. ಮೈಸೂರಿನಿಂದ ಅಮ್ಮ ಆರು ತಿಂಗಳಿಗೆಂದು ಬಂದಿದ್ದರು. ನಮ್ಮಲ್ಲಿ ಒಬ್ಬರಿಗೆ ಅಮ್ಮ, ಇನ್ನೊಬ್ಬರಿಗೆ ಅತ್ತೆ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಅವರ ಹೃದಯದ ಕವಾಟ ಕೆಟ್ಟಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಲೋಹದ ಕವಾಟ ಹಾಕಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನವೂ ವಾರ್ಫರಿನ್ ಮಾತ್ರೆ. ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆಂದು ತಿಳಿಸುವ ಐ.ಎನ್.ಆರ್. ಪರೀಕ್ಷೆಯ ಅಂಕಿ ಅವರಿಗೆ 2.5ರಿಂದ 3.5ರ ಒಳಗಿರಬೇಕು. ವರ್ಷಗಳಿಂದ ಹಾಗೆಯೇ ಇತ್ತು. ಚಳಿಗೆ ಮಂಡಿನೋವು ಎಂದಾಗ ಬಂಧುಗಳೊಬ್ಬರು ಪ್ರೀತಿಯಿಂದ ಡಿ ಮತ್ತು ಕೆ ಸೇರಿದ ಮಾತ್ರೆಯ ಸೀಸೆ ತಂದುಕೊಟ್ಟರು. ಅಮ್ಮ ದಿನಕ್ಕೊಂದರಂತೆ ನುಂಗತೊಡಗಿದರು. ಮೂರು ವಾರದ ನಂತರ ಪರೀಕ್ಷೆ ಮಾಡಿಸಿದರೆ ಅಂಕಿ 1.7. ಚಿಕಿತ್ಸಾಲಯದ ನರ್ಸ್ ಕೇಳಿದರು: "ಹೊಸದಾಗಿ ಏನಾದರೂ ಔಷಧ ಶುರು ಮಾಡಿದ್ದೀರಾ?" ನಾವು ಇಬ್ಬರೂ ಒಂದೇ ಉಸಿರಿನಲ್ಲಿ "ಇಲ್ಲ" ಎಂದೆವು.

ಸುಳ್ಳು ಹೇಳಲಿಲ್ಲ. ವಿಟಮಿನ್ನನ್ನು ನಾವು ಔಷಧವೆಂದು ಎಣಿಸಿರಲಿಲ್ಲ, ಅಷ್ಟೇ. ಮನೆಗೆ ಬಂದು ಸೀಸೆಯ ಹಿಂಭಾಗ ಓದಿದಾಗ ನಮಗೆ ಕೈಕಾಲು ತಣ್ಣಗಾಯಿತು. ಕೂಡಲೇ ಚಿಕಿತ್ಸಾಲಯಕ್ಕೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆವು. ದೇವರ ದಯದಿಂದ ಅಮ್ಮನಿಗೆ ಏನೂ ಆಗಲಿಲ್ಲ. ಆದರೆ ಆ ದಿನಗಳಲ್ಲಿ ಕವಾಟದ ಮೇಲೆ ಹೆಪ್ಪುಗಟ್ಟಿ ಅದು ಮೆದುಳಿಗೆ ಹೋಗಿದ್ದರೆ ಪಾರ್ಶ್ವವಾಯು ಆಗಬಹುದಿತ್ತು. ಇಂಥ ಮಾತ್ರೆಗಳನ್ನೇ ದಿನವೂ ನೋಡುವ ಇಬ್ಬರಿದ್ದ ಮನೆಯಲ್ಲೇ ಹೀಗಾದರೆ ಉಳಿದವರ ಗತಿಯೇನು ಎಂಬ ಯೋಚನೆಯೇ ನಮ್ಮನ್ನು ಇಲ್ಲಿ ನಿಲ್ಲಿಸಿದೆ.

ಮೊದಲು ಡಿ ವಿಟಮಿನ್ನಿನ ಮಾತು. ಇದು ನಮಗೆ ಬೇಕೇ? ಖಂಡಿತ ಬೇಕು. ಬೆಂಗಳೂರು ಇರುವುದು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿ. ಬ್ರಿಟನ್ ಬಹುಪಾಲು 50 ಡಿಗ್ರಿಗಿಂತ ಮೇಲೆ. ಅಕ್ಟೋಬರಿನಿಂದ ಮಾರ್ಚಿಯವರೆಗೆ ಇಲ್ಲಿನ ಬಿಸಿಲಿನಲ್ಲಿ ಚರ್ಮವು ಡಿ ವಿಟಮಿನ್ ತಯಾರಿಸಲು ಬೇಕಾದ ಕಿರಣ ಸಾಕಷ್ಟು ಇರುವುದಿಲ್ಲ. ಕಿಟಕಿಯ ಗಾಜಿನ ಹಿಂದೆ ಕುಳಿತು ಕಾಯಿಸಿಕೊಂಡ ಬಿಸಿಲೂ ಈ ಕೆಲಸಕ್ಕೆ ಬಾರದು. ನಮ್ಮ ಕಂದು ಚರ್ಮಕ್ಕಂತೂ ಬೇಸಿಗೆಯಲ್ಲೂ ಹೆಚ್ಚು ಹೊತ್ತು ಬಿಸಿಲು ಬೇಕು. 2016ರಲ್ಲಿ ಈ ದೇಶದ ಪೋಷಣಾ ತಜ್ಞರ ಸಮಿತಿ ದಿನಕ್ಕೆ 10 ಮೈಕ್ರೋಗ್ರಾಂ ಬೇಕೆಂದು ಹೇಳಿತು. ಚಳಿಗಾಲದಲ್ಲಿ ಎಲ್ಲರೂ, ನಮ್ಮಂಥ ಬಣ್ಣದವರು ಮತ್ತು ಮನೆಯೊಳಗೇ ಇರುವವರು ವರ್ಷವಿಡೀ, ಅಷ್ಟು ಪ್ರಮಾಣದ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದೆಂಬುದು ಇಲ್ಲಿನ ಆರೋಗ್ಯ ಇಲಾಖೆಯ ಸಲಹೆ.

ಇಲ್ಲಿ ಒಂದು ಸಣ್ಣ ಗುಣಾಕಾರ ಕಲಿಯಬೇಕು. ಕೆಲವು ಸೀಸೆಗಳಲ್ಲಿ ಮೈಕ್ರೋಗ್ರಾಂ ಎಂದಿದ್ದರೆ ಕೆಲವಲ್ಲಿ ಯೂನಿಟ್ ಎಂದಿರುತ್ತದೆ. ಡಿ ವಿಟಮಿನ್ನಿನಲ್ಲಿ 1 ಮೈಕ್ರೋಗ್ರಾಂ ಎಂದರೆ 40 ಯೂನಿಟ್. ಆದ್ದರಿಂದ 10 ಮೈಕ್ರೋಗ್ರಾಂ ಎಂದರೆ 400 ಯೂನಿಟ್. 25 ಎಂದರೆ 1000. ವೈದ್ಯರ ಸಲಹೆಯಿಲ್ಲದೆ ದೊಡ್ಡವರು ದಿನಕ್ಕೆ 100 ಮೈಕ್ರೋಗ್ರಾಂ, ಅಂದರೆ 4000 ಯೂನಿಟ್ ದಾಟಬಾರದು. ಒಂದರಿಂದ ಹತ್ತು ವರ್ಷದ ಮಕ್ಕಳಿಗೆ ಮಿತಿ 50 ಮೈಕ್ರೋಗ್ರಾಂ, ವರ್ಷ ತುಂಬದ ಕೂಸುಗಳಿಗೆ 25. ಇವು ದಾಟಬಾರದ ಗಡಿಗಳು, ತಲುಪಬೇಕಾದ ಗುರಿಗಳಲ್ಲ.

ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಹೇಳಿದ್ದು ಡಿ ವಿಟಮಿನ್ನಿಗೆ ಸರಿಯಾಗಿ ಒಪ್ಪುತ್ತದೆ. ಸಿ ವಿಟಮಿನ್ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ಉಳಿಯುತ್ತದೆ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಹಸಿವಿಲ್ಲದಿರುವುದು, ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಮಂಕು ಇವೆಲ್ಲ ಅದರ ಲಕ್ಷಣಗಳು. ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು.

ಇಲ್ಲಿ ನಮ್ಮ ಊರಿನ ಪೊಟ್ಟಣದ ಮಾತು ಹೇಳಲೇಬೇಕು. ಊರಿನಿಂದ ಬರುವಾಗ ಚಟ್ನಿಪುಡಿ, ಹಪ್ಪಳದ ಜೊತೆಗೆ 60,000 ಯೂನಿಟ್ಟಿನ ಡಿ ವಿಟಮಿನ್ ಪೊಟ್ಟಣಗಳನ್ನೂ ತರುವವರು ನಮ್ಮಲ್ಲಿದ್ದಾರೆ. ಕೊರತೆ ಇದ್ದವರಿಗೆ ವೈದ್ಯರು ವಾರಕ್ಕೊಂದರಂತೆ ಕೆಲವು ವಾರ ಮಾತ್ರ ಕೊಡುವ ಔಷಧ ಅದು. ದಿನಕ್ಕೆ 400 ಯೂನಿಟ್ಟಿನ ಲೆಕ್ಕದಲ್ಲಿ ಒಂದೇ ಪೊಟ್ಟಣ 150 ದಿನಗಳ ಪಾಲು! ಅದನ್ನು ದಿನವೂ ಕುಡಿದರೆ ಏನಾದೀತು, ನೀವೇ ಊಹಿಸಿ. ಅದರ ಜೊತೆಗೆ ಇಲ್ಲಿನ ಸೀಸೆಯ ಮಾತ್ರೆ, ಡಿ ಬೆರೆಸಿದ ಕ್ಯಾಲ್ಸಿಯಂ ಮಾತ್ರೆ, ಮಲ್ಟಿವಿಟಮಿನ್, ಕಾಡ್‌ಲಿವರ್ ಎಣ್ಣೆ ಎಲ್ಲವೂ ಸೇರಿದರೆ ಒಬ್ಬರ ಹೊಟ್ಟೆಗೆ ಐದು ಕಡೆಯಿಂದ ಡಿ ಹೋಗುತ್ತದೆ. ಎಲ್ಲವನ್ನೂ ಒಟ್ಟು ಕೂಡಿ ಲೆಕ್ಕ ಹಾಕಬೇಕು.

ಇನ್ನು ಕೆ ವಿಟಮಿನ್. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿ 1929ರ ಹೊತ್ತಿಗೆ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟಾಗ ಅವುಗಳಿಗೆ ರಕ್ತಸ್ರಾವವಾಗುವುದನ್ನು ಕಂಡರು. ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುವೊಂದು ಆಹಾರದಲ್ಲಿದೆ ಎಂದು ತಿಳಿದು, ಹೆಪ್ಪುಗಟ್ಟುವುದಕ್ಕೆ ಅವರ ಭಾಷೆಯಲ್ಲಿರುವ ಕೊಆಗುಲೇಶನ್ ಎಂಬ ಮಾತಿನ ಮೊದಲಕ್ಷರದಿಂದ ಅದಕ್ಕೆ ಕೆ ಎಂದು ಹೆಸರಿಟ್ಟರು. 1943ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು. ಈ ದೇಶದಲ್ಲಿ ಹೆರಿಗೆಯಾದ ತಾಯಂದಿರಿಗೆ ನೆನಪಿರಬಹುದು, ಮಗು ಹುಟ್ಟಿದೊಡನೆ ರಕ್ತಸ್ರಾವವಾಗದಿರಲೆಂದು ಕೆ ವಿಟಮಿನ್ ಚುಚ್ಚುಮದ್ದು ಕೊಡುತ್ತಾರೆ.

ವಾರ್ಫರಿನ್ ಮಾಡುವುದು ಇದಕ್ಕೆ ಸರಿಯಾಗಿ ಎದುರು ಕೆಲಸ. ದೇಹವು ಕೆ ವಿಟಮಿನ್ನನ್ನು ಮತ್ತೆ ಮತ್ತೆ ಬಳಸದಂತೆ ತಡೆದು ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತದೆ. ನಮ್ಮ ಊರಿನಲ್ಲಿ ಹೆಚ್ಚಾಗಿ ಕೊಡುವ ಅಸೆನೊಕೌಮರಾಲ್ ಮಾತ್ರೆಯದೂ ಅದೇ ಬಗೆ. ಒಂದು ಕಡೆ ವೈದ್ಯರು ಬ್ರೇಕ್ ಒತ್ತುತ್ತಿರುವಾಗ ಇನ್ನೊಂದು ಕಡೆ ನಾವು ಆಕ್ಸಲರೇಟರ್ ಒತ್ತಿದಂತಾಯಿತು. ಸೀಸೆಗಳಲ್ಲಿ ಇರುವ ಕೆ2 ಸಾಮಾನ್ಯವಾಗಿ ಎಂಕೆ-7 ಎಂಬ ಬಗೆಯದು. ಅದು ರಕ್ತದಲ್ಲಿ ಬಹುಕಾಲ ಉಳಿಯುವುದರಿಂದ ಅಲ್ಪ ಪ್ರಮಾಣದಲ್ಲೇ ಈ ಔಷಧಗಳ ಪರಿಣಾಮವನ್ನು ತಗ್ಗಿಸಬಲ್ಲದು.

ಹಾಗಾದರೆ ಉಳಿದವರಿಗೆ ಕೆ ಅಪಾಯವೇ? ಅಲ್ಲ. ದೊಡ್ಡವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1 ಮೈಕ್ರೋಗ್ರಾಂ ಕೆ ಬೇಕು. 65 ಕಿಲೋ ತೂಗುವವರಿಗೆ 65 ಮೈಕ್ರೋಗ್ರಾಂ. ಮಾತ್ರೆಯ ರೂಪದಲ್ಲಿ ದಿನಕ್ಕೆ 1 ಮಿಲಿಗ್ರಾಂವರೆಗೆ ತೊಂದರೆಯಾಗುವ ಸಂಭವ ಕಡಿಮೆ. ಆದರೆ ಬೇಕೇ ಬೇಕೆ? ಕೆ ವಿಟಮಿನ್ ಕ್ಯಾಲ್ಸಿಯಂ ಅನ್ನು ಮೂಳೆಗೆ ಸೇರಿಸುವ ಕೆಲಸದಲ್ಲಿ ನೆರವಾಗುತ್ತದೆ ಎಂಬುದು ನಿಜ. ಅದರ ಮೇಲೆ, ಎರಡನ್ನೂ ಸೇರಿಸಿ ನುಂಗಿದರೆ ರಕ್ತನಾಳ ಸ್ವಚ್ಛವಾಗುತ್ತದೆಂದು ಹೇಳುವವರಿದ್ದಾರೆ; ಅದು ಇನ್ನೂ ರುಜುವಾತಾಗಿಲ್ಲ. ಇಲ್ಲಿನ ಸರ್ಕಾರಿ ಸಲಹೆ ಡಿ ವಿಟಮಿನ್ನಿಗೆ ಮಾತ್ರ. ಪಾಲಕ್, ಮೆಂತ್ಯ, ದಂಟಿನ ಸೊಪ್ಪುಗಳ ಹುಳಿ, ಬಸ್ಸಾರು ಮಾಡುವ ಮನೆಯಲ್ಲಿ ಕೆ ವಿಟಮಿನ್ ತಟ್ಟೆಗೇ ಬರುತ್ತದೆ. ಕೆ ಇದ್ದರೆ ಡಿ ಎಷ್ಟು ಬೇಕಾದರೂ ನುಂಗಬಹುದೆಂಬ ನಂಬಿಕೆಯೂ ತಪ್ಪು. ಡಿ ಮಿತಿ ಹಾಗೆಯೇ ಇರುತ್ತದೆ.

ಮನೆಗೆ ಕೊಂಡೊಯ್ಯಲು ಐದು ಮಾತು ಹೇಳಿ ಮುಗಿಸುತ್ತೇವೆ.

ಮೊದಲನೆಯದು, ಸೀಸೆ ತೆರೆಯುವ ಮೊದಲು ಹಿಂಭಾಗ ಓದಿ. ಡಿ ಎಷ್ಟು, ಕೆ ಎಷ್ಟು, ಮೈಕ್ರೋಗ್ರಾಂ ಯಾವುದು, ಯೂನಿಟ್ ಯಾವುದು ನೋಡಿ. ಸಸ್ಯಾಹಾರಿಗಳು ಇನ್ನೊಂದನ್ನೂ ನೋಡಬೇಕು: ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ, ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್ ಇರಬಹುದು. ಲೈಕೆನ್ ಎಂಬ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಕೂಡ ಸಿಗುತ್ತದೆ.

ಎರಡನೆಯದು, ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತೆಗೆದುಕೊಳ್ಳುವವರು ಕೆ ಸೇರಿದ ಮಾತ್ರೆಯನ್ನು ಚಿಕಿತ್ಸಾಲಯದವರನ್ನು ಕೇಳದೆ ಶುರು ಮಾಡಬೇಡಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಗಾಬರಿಯಿಂದ ತಟ್ಟನೆ ನಿಲ್ಲಿಸಲೂ ಬೇಡಿ. ಅಂಕಿ ಮೇಲಕ್ಕೇರಿ ರಕ್ತಸ್ರಾವವಾಗಬಹುದು. ಅಂದೇ ಫೋನ್ ಮಾಡಿ ಕೇಳಿ. ಸೊಪ್ಪು ಬಿಡಬೇಕಾಗಿಲ್ಲ, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ. ಅಪಿಕ್ಸಬಾನ್, ರಿವರೊಕ್ಸಬಾನ್‌ನಂಥ ಹೊಸ ಔಷಧಗಳು ಕೆ ವಿಟಮಿನ್ನಿನ ದಾರಿಯಲ್ಲಿ ಕೆಲಸ ಮಾಡುವುದಿಲ್ಲ. ಆದರೂ ನಿಮ್ಮದು ಯಾವುದೆಂದು ಖಚಿತ ಮಾಡಿಕೊಳ್ಳಿ.

ಮೂರನೆಯದು, ಮೂತ್ರಪಿಂಡದ ತೊಂದರೆ, ಮೂತ್ರದ ಕಲ್ಲು, ಪ್ಯಾರಾಥೈರಾಯ್ಡ್ ಗ್ರಂಥಿಯ ರೋಗ, ಸಾರ್ಕಾಯ್ಡೋಸಿಸ್ ಇರುವವರು, ರಕ್ತದೊತ್ತಡಕ್ಕೆ ಥಯಾಜೈಡ್ ಬಗೆಯ ಮಾತ್ರೆ ಅಥವಾ ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರು ಡಿ ವಿಟಮಿನ್ನಿಗೂ ವೈದ್ಯರನ್ನು ಕೇಳಿ.

ನಾಲ್ಕನೆಯದು, ಇವೆರಡೂ ಜಿಡ್ಡಿನಲ್ಲಿ ಕರಗುವ ಜೀವಸತ್ವಗಳು. ಊಟದ ಜೊತೆಗೆ ತೆಗೆದುಕೊಳ್ಳಿ. ಅನ್ನದ ಮೇಲಿನ ಒಂದು ಚಮಚ ತುಪ್ಪವೇ ಸಾಕು. ಸಿಹಿ ಗಮ್ಮಿ ರೂಪದ ವಿಟಮಿನ್ನನ್ನು ಮಕ್ಕಳು ಮಿಠಾಯಿ ಎಂದುಕೊಳ್ಳುತ್ತಾರೆ. ಅವರ ಕೈಗೆಟುಕದ ಕಡೆ ಇಡಿ.

ಐದನೆಯದು ಎಲ್ಲಕ್ಕಿಂತ ಮುಖ್ಯ. ವೈದ್ಯರು, ನರ್ಸ್, ಫಾರ್ಮಸಿಸ್ಟ್ ಯಾರೇ "ಏನೇನು ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದರೂ ವಿಟಮಿನ್, ಕಷಾಯ, ಚೂರ್ಣ, ಊರಿನ ಪೊಟ್ಟಣ ಎಲ್ಲವನ್ನೂ ಹೇಳಿ. ಊರಿನಿಂದ ಬರುವ ಅಪ್ಪ ಅಮ್ಮನ ಪರವಾಗಿ ನೀವು ಹೇಳಿ. ಇಂಗ್ಲಿಷಿನಲ್ಲಿ ಹೇಳಲು ಸಂಕೋಚಪಟ್ಟು ಅವರು ಸುಮ್ಮನಿರುತ್ತಾರೆ.

ಅಮ್ಮ ಮೈಸೂರಿಗೆ ಹಿಂದಿರುಗುವ ಹೊತ್ತಿಗೆ ಅಂಕಿ ಮತ್ತೆ 2.8ಕ್ಕೆ ಬಂದಿತ್ತು. ಈಗ ಅವರ ಕೈಚೀಲದಲ್ಲಿ ಒಂದು ಚೀಟಿ ಇದೆ. ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಅವರು ನುಂಗುವ ಪ್ರತಿಯೊಂದರ ಹೆಸರೂ ಅಳತೆಯೂ ಇದೆ. ಇಂದು ರಾತ್ರಿ ಮನೆಗೆ ಹೋದ ಮೇಲೆ ನಿಮ್ಮ ಮನೆಯ ಹಿರಿಯರಿಗೂ ಅಂಥದೊಂದು ಚೀಟಿ ಬರೆದುಕೊಡಿ ಎಂಬುದಷ್ಟೇ ನಮ್ಮ ಕೋರಿಕೆ.

  ಸಿರಿಗನ್ನಡಂ ಗೆಲ್ಗೆ.