ಕೊಟ್ಟರೆ ಸಾಲದು, ಕೇಳಿ ತಿಳಿಯಬೇಕು
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಗಿರಣಿಯ ಕಾರಕೂನ. ಕಂಡದ್ದನ್ನಷ್ಟೇ ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ನಮ್ಮ ಚಾಳಿನ ಕೂಸೊಂದಕ್ಕೆ ಭೇದಿ ಹತ್ತಿತು. ಓಆರ್‌ಎಸ್ ಪುಡಿಯ ಪೊಟ್ಟಣ ತಂದುಕೊಟ್ಟವನು ನಾನೇ. ಒಂದು ಲೀಟರ್ ನೀರಿಗೆ ಹಾಕಬೇಕಾದ ಪುಡಿಯನ್ನು ತಾಯಿ ಒಂದೇ ಲೋಟಕ್ಕೆ ಸುರಿದಳು. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ. ಪಕ್ಕದ ಮನೆಯ ಅಜ್ಜಿ ಕಂಡು ತಡೆದರು. ತಪ್ಪು ಅಳತೆ ಹೇಳದೆ ಬಂದ ನನ್ನದು.

ಬಾಂಗ್ಲಾದೇಶದಲ್ಲಿ 1980ರಿಂದ 1990ರ ವರೆಗೆ ‘ಬ್ರ್ಯಾಕ್’ ಸಂಸ್ಥೆಯ ಕಾರ್ಯಕರ್ತೆಯರು ಒಂದು ಕೋಟಿಗೂ ಮಿಕ್ಕ ಮನೆಗಳಿಗೆ ಹೋಗಿ, ಮೂರು ಬೆರಳ ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಸುಮಾರು ಅರ್ಧ ಲೀಟರ್ ನೀರು ಸೇರಿಸುವುದನ್ನು ತಾಯಂದಿರಿಗೆ ಕಲಿಸಿದರು. ಆಮೇಲೆ ಬೇರೊಬ್ಬರು ಹೋಗಿ ಕೆಲವು ತಾಯಂದಿರನ್ನು ಕೇಳುವರು. ಅವರು ಸರಿಯಾಗಿ ಹೇಳಿದಷ್ಟೂ ಕಲಿಸಿದಾಕೆಗೆ ಸಂಬಳ ಹೆಚ್ಚು!

ನಮಗೆ ಪೊಟ್ಟಣ ಸರಕಾರಿ ದವಾಖಾನೆಯಲ್ಲೇ ದೊರೆಯುತ್ತದೆ. ಅವರಿಂದ ಕಲಿಯಬೇಕಾದುದು ಈ ಕೇಳುವ ಪದ್ಧತಿ. ಕೊಟ್ಟವನು ಅಲ್ಲೇ ಕುಳಿತು, ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕಲಸಲು ಹೇಳಲಿ. ವಾರ ಬಿಟ್ಟು ಹೋಗಿ ಮತ್ತೆ ಕೇಳಲಿ. ಕೂಸಿನ ಕಣ್ಣು ಗುಳಿಬಿದ್ದರೆ, ಕುಡಿಯಲಾರದಿದ್ದರೆ, ತಡಮಾಡದೆ ದವಾಖಾನೆಗೆ ಒಯ್ಯಬೇಕೆಂದೂ ತಿಳಿಸಲಿ.

ನಮಗೆ ಆ ತಾಯಿಯ ಸರಿಯುತ್ತರವೇ ಸಂಬಳ. ಬರುವ ಭಾನುವಾರ ನನ್ನೊಡನೆ ಯಾರು ಬರುವಿರಿ?